ಗಾಜಿನ ಒಳಗೆ ಅಲ್ಲಾಡುವ ಜಾಗಗಳು

(ವಿಜ್ಞಾನಾಸಕ್ತರ ಮುಂದೆ ಕನ್ನಡದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಬೋರ್ಡಿನ ಮೇಲೆ ಬರೆದಿದ್ದ ಸಮೀಕರಣಗಳನ್ನು ಮಾತ್ರ ಮಾತಿಗೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಸ್ಫಟಿಕದ ಜಪಮಾಲೆ ಕೊಳ್ಳುವವರು ಮಣಿಯನ್ನು ಕೆನ್ನೆಗೆ ಒತ್ತಿ ನೋಡುವುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರುತ್ತೀರಿ. ತಣ್ಣಗೆ ಕೊರೆದರೆ ಅಸಲಿ, ಇಲ್ಲದಿದ್ದರೆ ಗಾಜು. ಇದು ಬರೀ ನಂಬಿಕೆಯಲ್ಲ, ಸರಿಯಾದ ಪರೀಕ್ಷೆಯೇ. ಅಸಲಿ ಮಣಿ ಎಂದರೆ ಕ್ವಾರ್ಟ್ಜ್, ಅಂದರೆ ಸಿಲಿಕಾನ್ ಡೈಆಕ್ಸೈಡ್. ಅದನ್ನೇ ಕರಗಿಸಿ ತಣಿಸಿದರೆ ಸಿಲಿಕಾ ಗಾಜು ಸಿಗುತ್ತದೆ. ಪರಮಾಣುಗಳು ಅವೇ. ಒಂದು ಸಿಲಿಕಾನ್ ಸುತ್ತ ನಾಲ್ಕು ಆಕ್ಸಿಜನ್ ಎಂಬ ಏರ್ಪಾಡೂ ಅದೇ. ಆದರೂ ಕೋಣೆಯ ಉಷ್ಣತೆಯಲ್ಲಿ ಗಾಜಿನ ಉಷ್ಣವಾಹಕತೆ (ಮೀಟರಿಗೆ, ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂಬ ಲೆಕ್ಕದಲ್ಲಿ) ಸುಮಾರು 1.4 ಇದ್ದರೆ, ಕ್ವಾರ್ಟ್ಜ್‌ನದು ಯಾವ ದಿಕ್ಕಿನಲ್ಲಿ ಅಳೆಯುತ್ತೀರಿ ಎನ್ನುವುದರ ಮೇಲೆ ಅದರ ನಾಲ್ಕೈದು ಪಟ್ಟಿನಿಂದ ಏಳೆಂಟು ಪಟ್ಟು. ಕೆನ್ನೆಯ ಶಾಖವನ್ನು ಮಣಿ ಬೇಗ ಎಳೆದುಕೊಳ್ಳುತ್ತದೆ, ನಮಗೆ ತಣ್ಣಗೆ ಅನಿಸುತ್ತದೆ. ಇನ್ನೂ ತಣ್ಣಗೆ ಹೋಗಿ, 10 ಕೆಲ್ವಿನ್‌ಗೆ, ಅಂದರೆ ಸೊನ್ನೆಗಿಂತ 263 ಡಿಗ್ರಿ ಸೆಲ್ಸಿಯಸ್ ಕೆಳಗೆ. ಅಲ್ಲಿ ಎರಡರ ನಡುವಿನ ವ್ಯತ್ಯಾಸ ಸಾವಿರಾರು ಪಟ್ಟು.

ವಿದ್ಯುತ್ ಹರಿಯದ ಘನವಸ್ತುವಿನಲ್ಲಿ ಶಾಖ ಸಾಗುವುದು ಪರಮಾಣುಗಳ ಕಂಪನದ ಮೂಲಕ. ಹಾಗಾಗಿ ನಮ್ಮ ಪ್ರಶ್ನೆ ಇಷ್ಟೇ: ಗಾಜು ಕಂಪಿಸುವ ಬಗೆ ಹರಳಿಗಿಂತ ಎಲ್ಲಿ ಬೇರೆ? ಪರಮಾಣುಗಳು ಅಡ್ಡಾದಿಡ್ಡಿ ಕೂತಿವೆ, ಅದಕ್ಕೇ ಬೇರೆ ಎಂದುಬಿಟ್ಟರೆ ಸಾಲದು. ಯಾಕೆ ಸಾಲದು ಅನ್ನುವುದರಲ್ಲೇ ಈ ವಿಷಯದ ಸ್ವಾರಸ್ಯವೆಲ್ಲ ಇದೆ.

1912ರಲ್ಲಿ ಪೀಟರ್ ಡಿಬೈ ಒಂದು ಲೆಕ್ಕ ಹಾಕಿದ. ಉಷ್ಣತೆ ತೀರಾ ಇಳಿದಾಗ ಹೆಚ್ಚಿನ ಆವೃತ್ತಿಯ ಕಂಪನಗಳನ್ನು ಎಬ್ಬಿಸುವಷ್ಟು ಶಕ್ತಿ ಉಳಿಯುವುದಿಲ್ಲ. ಉಳಿಯುವುದು ಕಡಿಮೆ ಆವೃತ್ತಿಯ ಉದ್ದನೆಯ ಅಲೆಗಳು, ಅಂದರೆ ಸಾಮಾನ್ಯ ಶಬ್ದದ ಅಲೆಗಳೇ. ಮೂರು ಆಯಾಮದಲ್ಲಿ ಇಂಥ ಅಲೆಗಳ ಸಂಖ್ಯೆ ಆವೃತ್ತಿಯ ವರ್ಗದಂತೆ ಏರುತ್ತದೆ. ಆದ್ದರಿಂದ ವಸ್ತುವಿನ ವಿಶಿಷ್ಟೋಷ್ಣ, ಅಂದರೆ ಅದನ್ನು ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖ, ಉಷ್ಣತೆಯ ಘನದಂತೆ ಇಳಿಯಬೇಕು. ಹರಳುಗಳಲ್ಲಿ ಇದು ಅಚ್ಚುಕಟ್ಟಾಗಿ ಕೂರುತ್ತದೆ.

ಗಮನಿಸಿ, ಈ ಲೆಕ್ಕದಲ್ಲಿ ಪರಮಾಣುಗಳ ಜೋಡಣೆಯ ಮಾತೇ ಬರುವುದಿಲ್ಲ. 1 ಕೆಲ್ವಿನ್‌ನಲ್ಲಿ ಸಿಲಿಕಾದೊಳಗೆ ಶಾಖ ಹೊರುವ ಅಲೆಯ ತರಂಗದೂರ ಹತ್ತಾರು ನ್ಯಾನೊಮೀಟರ್. ಸಿಲಿಕಾನಿಗೂ ಆಕ್ಸಿಜನ್ನಿಗೂ ನಡುವಿನ ಅಂತರ 0.16 ನ್ಯಾನೊಮೀಟರ್. ಇನ್ನೂರು ಮುನ್ನೂರು ಪರಮಾಣುಗಳನ್ನು ಒಂದೇ ಸಲಕ್ಕೆ ಎತ್ತಿ ಇಳಿಸುವ ಅಲೆಗೆ, ಕೆಳಗಿನ ಪರಮಾಣುಗಳು ಸಾಲಾಗಿವೆಯೋ ಚೆಲ್ಲಾಪಿಲ್ಲಿಯಾಗಿವೆಯೋ ಎಂಬುದು ಗೊತ್ತೇ ಆಗಬಾರದು. ತಣ್ಣಗಾದಷ್ಟೂ ಅಲೆ ಉದ್ದವಾಗುತ್ತದೆ, ಅವ್ಯವಸ್ಥೆ ಇನ್ನಷ್ಟು ಮರೆಯಾಗಬೇಕು. ಅಂದರೆ ಸಾಕಷ್ಟು ತಣಿಸಿದರೆ ಗಾಜು ಹರಳಿನ ಹಾಗೆಯೇ ನಡೆದುಕೊಳ್ಳಬೇಕು. 1960ರ ದಶಕದ ಕೊನೆಯವರೆಗೂ ಬಹುತೇಕರು ಹೀಗೇ ನಂಬಿದ್ದರು. ನಂಬಿಕೆಗೆ ಕಾರಣವೂ ಗಟ್ಟಿಯಾಗಿತ್ತು.

1971ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಝೆಲ್ಲರ್ ಮತ್ತು ಪೋಲ್ ಅಳತೆ ಮಾಡಿ ನೋಡಿದರು. ಸಿಲಿಕಾ, ಜರ್ಮೇನಿಯಾ (ಜರ್ಮೇನಿಯಂ ಆಕ್ಸೈಡ್), ಸೆಲೆನಿಯಂ, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಗಾಜುಗಳು. 1 ಕೆಲ್ವಿನ್‌ಗಿಂತ ಕೆಳಗೆ ವಿಶಿಷ್ಟೋಷ್ಣ ಘನದಂತೆ ಇಳಿಯಲಿಲ್ಲ, ಹೆಚ್ಚುಕಡಿಮೆ ಉಷ್ಣತೆಯ ನೇರ ಅನುಪಾತದಲ್ಲಿ ಇಳಿಯಿತು. ಇದು ಎಷ್ಟು ದೊಡ್ಡ ಎಡವಟ್ಟು ಅಂದರೆ, 0.1 ಕೆಲ್ವಿನ್‌ಗೆ ಹೋದಾಗ ಸಿಲಿಕಾ ಗಾಜಿನಲ್ಲಿ ಶಬ್ದದ ಅಲೆಗಳ ಪಾಲಿಗಿಂತ ನೂರು ಪಟ್ಟಿಗೂ ಹೆಚ್ಚು ಶಾಖ ಬೇರೆಲ್ಲೋ ಅಡಗಿ ಕೂತಿರುತ್ತದೆ. ಉಷ್ಣವಾಹಕತೆಯೂ ಘನದ ಬದಲು ವರ್ಗದಂತೆ ನಡೆಯಿತು, 10 ಕೆಲ್ವಿನ್ ಆಸುಪಾಸಿನಲ್ಲಿ ಏರದೆ ಇಳಿಯದೆ ಚಪ್ಪಟೆಯಾಗಿ ನಿಂತಿತು. ತಣ್ಣಗಾದಷ್ಟೂ ಗಾಜು ಹರಳಿನ ಹತ್ತಿರ ಬರುವ ಬದಲು ದೂರ ಸರಿಯಿತು. ಎಲ್ಲ ಗಾಜುಗಳಲ್ಲೂ ಇದೇ ಕಥೆ. ಕಲ್ಮಶ ಇರಬಹುದು, ಅಳತೆ ಕೆಟ್ಟಿರಬಹುದು ಎಂದು ತಳ್ಳಿಹಾಕುವ ದಾರಿ ಉಳಿಯಲಿಲ್ಲ.

ಮುಂದಿನ ವರ್ಷವೇ, 1972ರಲ್ಲಿ, ಉತ್ತರ ಎರಡು ಕಡೆಯಿಂದ ಬಂತು. ಫಿಲಿಪ್ ಆ್ಯಂಡರ್ಸನ್, ಬರ್ಟ್ರಂಡ್ ಹಾಲ್ಪರಿನ್, ಚಂದ್ರ ವರ್ಮ ಒಟ್ಟಾಗಿ ಬರೆದರು. ಅವರದನ್ನು ನೋಡದೆ ಡಬ್ಲ್ಯು. ಎ. ಫಿಲಿಪ್ಸ್ ಬೇರೆಯಾಗಿ ಬರೆದರು. ಇಬ್ಬರದೂ ಒಂದೇ ಮಾತು.

ಬೆಂಗಳೂರಿನ ಫುಟ್‌ಪಾತ್ ಮೇಲೆ ನಡೆದವರಿಗೆ ಇದನ್ನು ವಿವರಿಸುವುದು ಸುಲಭ. ಚಪ್ಪಡಿಗಳೆಲ್ಲ ಗಟ್ಟಿಯಾಗಿಯೇ ಇರುತ್ತವೆ, ನಡುವೆ ಒಂದು ಮಾತ್ರ ಕಾಲಿಟ್ಟ ಕೂಡಲೇ ಟಕ್ ಅನ್ನುತ್ತದೆ. ಅದಕ್ಕೆ ಕೂರಲು ಎರಡು ಭಂಗಿ: ಈ ಕಡೆ ವಾಲಿ ಒಂದು, ಆ ಕಡೆ ವಾಲಿ ಒಂದು. ಗಾಜಿನೊಳಗೂ ಕೆಲವು ಪರಮಾಣುಗಳ ಗುಂಪಿಗೆ ಹೀಗೆ ಎರಡು ಭಂಗಿ ಇರುತ್ತವೆ, ಎರಡರ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಚಪ್ಪಡಿ ಹೊರಳಲು ನೀವು ತುಳಿಯಬೇಕು. ಪರಮಾಣುಗಳಿಗೆ ತುಳಿಯುವವರು ಬೇಡ, ಅವು ಕ್ವಾಂಟಮ್ ಟನೆಲಿಂಗ್ ಮೂಲಕ ನಡುವಿನ ದಿಣ್ಣೆಯನ್ನು ಹತ್ತದೆಯೇ ಆಚೆ ಹೋಗುತ್ತವೆ. ಎರಡು ಭಂಗಿಗಳ ಶಕ್ತಿಯ ವ್ಯತ್ಯಾಸ ಒಂದೊಂದು ಜಾಗದಲ್ಲಿ ಒಂದೊಂದು ರೀತಿ, ಇಂಥದ್ದೇ ಹೆಚ್ಚು ಎಂಬ ಒಲವಿಲ್ಲ. ಇಷ್ಟು ಒಪ್ಪಿದರೆ ವಿಶಿಷ್ಟೋಷ್ಣ ಉಷ್ಣತೆಯ ನೇರ ಅನುಪಾತಕ್ಕೆ ಬರುತ್ತದೆ. ಹಾದುಹೋಗುವ ಅಲೆಗಳನ್ನು ಈ ಜಾಗಗಳು ನುಂಗಿ ಉಗುಳುವುದರಿಂದ ಉಷ್ಣವಾಹಕತೆ ವರ್ಗಕ್ಕೆ ಬರುತ್ತದೆ. ಇವುಗಳಿಗೆ ‘ಟೂ ಲೆವೆಲ್ ಸಿಸ್ಟಮ್’ ಎಂದು ಹೆಸರು, ನಾವು ಎರಡು ಮಟ್ಟದ ಜಾಗ ಅನ್ನೋಣ.

ಇದಕ್ಕೊಂದು ಸೊಗಸಾದ ಸಾಕ್ಷಿ ಬೇಗನೆ ಸಿಕ್ಕಿತು. ತೀರಾ ತಣ್ಣನೆಯ ಗಾಜಿನಲ್ಲಿ ಮೆಲ್ಲನೆಯ ಅಲ್ಟ್ರಾಸೌಂಡ್ ಬೇಗ ಕುಗ್ಗಿಹೋಗುತ್ತದೆ, ಜೋರಾದದ್ದು ದೂರ ಸಾಗುತ್ತದೆ. ಮಾಮೂಲಿ ಕಂಪನಗಳು ಹೀಗೆ ಮಾಡುವುದಿಲ್ಲ. ಎರಡೇ ಮಟ್ಟ ಇದ್ದಾಗ ಮಾತ್ರ ಇದು ಸಾಧ್ಯ, ಯಾಕೆಂದರೆ ಒಮ್ಮೆ ಮೇಲಿನ ಮಟ್ಟ ತುಂಬಿಕೊಂಡರೆ ನುಂಗಲು ಇನ್ನು ಜಾಗವಿಲ್ಲ.

ಇಷ್ಟಾದರೂ ನನಗೆ ಈ ಸಿದ್ಧಾಂತವನ್ನು ಗೆಲುವು ಅನ್ನಬೇಕೋ ಜಾಣತನ ಅನ್ನಬೇಕೋ ತೋಚುವುದಿಲ್ಲ. ಹೊರಳುತ್ತಿರುವುದು ಯಾವ ಪರಮಾಣು, ಎಷ್ಟು ಪರಮಾಣು ಎಂಬುದನ್ನು ಅದು ಹೇಳುವುದೇ ಇಲ್ಲ. ಅದಕ್ಕಿಂತ ಹೆಚ್ಚಾಗಿ ಕಾಡುವ ಇನ್ನೊಂದು ಸಂಗತಿ ಇದೆ. ಈ ಉಷ್ಣತೆಯಲ್ಲಿ ಶಬ್ದದ ಅಲೆ ಚದುರುವ ಮುಂಚೆ ಸುಮಾರು 150 ತರಂಗದೂರದಷ್ಟು ಸಾಗುತ್ತದೆ. ಸಿಲಿಕಾ ಆಗಲಿ, ಪ್ಲಾಸ್ಟಿಕ್ ಆಗಲಿ, ಸಂಖ್ಯೆ ಸ್ವಲ್ಪ ಹಿಂದೆ ಮುಂದೆ ಅಷ್ಟೇ. ಬೇರೆ ಬೇರೆ ವಸ್ತುಗಳಲ್ಲಿ ಇಂಥ ಜಾಗಗಳ ಸಂಖ್ಯೆ ಬೇರೆ, ಅಲೆಗೂ ಅವಕ್ಕೂ ಇರುವ ನಂಟು ಬೇರೆ. ಆದರೂ ಎರಡನ್ನೂ ಗುಣಿಸಿದರೆ ಬರುವ ಉತ್ತರ ಎಲ್ಲ ಕಡೆ ಒಂದೇ ಯಾಕೆ? ಆಂಥೊನಿ ಲೆಗ್ಗೆಟ್ ಅವರಂಥ ದೊಡ್ಡ ಭೌತವಿಜ್ಞಾನಿ 1980ರ ದಶಕದಲ್ಲೇ ಈ ಕಾರಣಕ್ಕೆ ಎರಡು ಮಟ್ಟದ ಚಿತ್ರವನ್ನೇ ಅನುಮಾನಿಸಿದರು. ಆ ಅನುಮಾನಕ್ಕೆ ಪೂರ್ತಿ ಸಮಾಧಾನ ಇನ್ನೂ ಸಿಕ್ಕಿಲ್ಲ.

ಈಗ ಆವೃತ್ತಿಯಲ್ಲಿ ಸ್ವಲ್ಪ ಮೇಲೆ ಬರೋಣ. ಗಾಜಿನ ವಿಶಿಷ್ಟೋಷ್ಣವನ್ನು ಉಷ್ಣತೆಯ ಘನದಿಂದ ಭಾಗಿಸಿ ಗ್ರಾಫ್ ಎಳೆದರೆ ಡಿಬೈ ಪ್ರಕಾರ ಅಡ್ಡಗೆರೆ ಬರಬೇಕು. ಸಿಲಿಕಾದಲ್ಲಿ 10 ಕೆಲ್ವಿನ್ ಹತ್ತಿರ ಒಂದು ಗುಡ್ಡ ಬರುತ್ತದೆ. ಕಂಪನಗಳ ಎಣಿಕೆಯಲ್ಲಿ ನೋಡಿದರೆ ಆ ಗುಡ್ಡ ಸುಮಾರು 1 ಟೆರಾಹರ್ಟ್ಜ್‌ನಲ್ಲಿ, ಸೆಕೆಂಡಿಗೆ ಲಕ್ಷ ಕೋಟಿ ಸಲ. ಇದಕ್ಕೂ ‘ಕಡಿಮೆ ಆವೃತ್ತಿ’ ಅನ್ನುತ್ತೀರಾ ಎಂದು ನಗಬೇಡಿ, ಸಿಲಿಕಾನ್-ಆಕ್ಸಿಜನ್ ಬಂಧ ಹಿಗ್ಗಿ ಕುಗ್ಗುವುದು ಇದರ ಮೂವತ್ತು ಪಟ್ಟು ವೇಗದಲ್ಲಿ. ಈ ಗುಡ್ಡಕ್ಕೆ ಬೋಸಾನ್ ಪೀಕ್ ಎಂದು ಹೆಸರು, ನಮ್ಮ ಸತ್ಯೇಂದ್ರನಾಥ ಬೋಸರ ಎಣಿಕೆಯ ಸೂತ್ರದಂತೆ ಅದರ ತೀವ್ರತೆ ಉಷ್ಣತೆಯೊಂದಿಗೆ ಏರುವುದರಿಂದ.

ಬೆಂಗಳೂರಿಗೂ ಇದಕ್ಕೂ ಒಂದು ನಂಟಿದೆ, ಅದನ್ನು ಹೇಳದಿದ್ದರೆ ತಪ್ಪಾದೀತು. ರಾಮನ್ನರ ಶಿಷ್ಯ ಆರ್. ಎಸ್. ಕೃಷ್ಣನ್ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದರು. ಪಾದರಸ ದೀಪದ ನೇರಳಾತೀತ ಗೆರೆಯನ್ನು ಬಳಸಿ ಮಂಕಾದ ರಾಮನ್ ರೋಹಿತಗಳನ್ನೂ (ವಸ್ತುವಿನಿಂದ ಚದುರಿದ ಬೆಳಕಿನಲ್ಲಿ ಕಾಣುವ ಹೊಸ ಗೆರೆಗಳು) ಹಿಡಿಯುವುದರಲ್ಲಿ ಅವರ ಕೈ ಪಳಗಿತ್ತು. 1953ರಲ್ಲಿ ಅವರು ಕರಗಿಸಿದ ಕ್ವಾರ್ಟ್ಜ್, ಅಂದರೆ ಸಿಲಿಕಾ ಗಾಜಿನ ರೋಹಿತವನ್ನು ಪ್ರಕಟಿಸಿದರು. ಮೂಲ ಗೆರೆಯ ಪಕ್ಕದಲ್ಲೇ, ಹರಳಿನಲ್ಲಿ ಇಲ್ಲದ ಒಂದು ಅಗಲವಾದ ಪಟ್ಟಿ ಅದರಲ್ಲಿತ್ತು. ಬೋಸಾನ್ ಪೀಕ್ ಕುರಿತು ಇವತ್ತು ಬರೆಯುವವರು ಹಿಂದೆ ಹುಡುಕುತ್ತ ಹೋದರೆ ಈ ಲೇಖನಕ್ಕೆ ಬಂದು ಮುಟ್ಟುತ್ತಾರೆ. ಝೆಲ್ಲರ್-ಪೋಲ್‌ಗಿಂತ ಹದಿನೆಂಟು ವರ್ಷ ಮುಂಚೆ!

ಬೋಸಾನ್ ಪೀಕ್ ಯಾಕೆ ಬರುತ್ತದೆ ಎಂಬ ಜಗಳದ ವಿವರಕ್ಕೆ ಇಲ್ಲಿ ಹೋಗುವುದಿಲ್ಲ. ಒಂದು ಕಡೆಯವರು ಗಾಜಿನ ಬಿಗಿತ ಜಾಗದಿಂದ ಜಾಗಕ್ಕೆ ಏರುಪೇರಾಗಿರುವುದೇ ಕಾರಣ ಎನ್ನುತ್ತಾರೆ. ಇನ್ನೊಂದು ಕಡೆಯವರು ಅದು ಹರಳಿನಲ್ಲೂ ಇರುವ ಅಡ್ಡ ಅಲೆಗಳ ದಟ್ಟಣೆಯೇ, ಗಾಜಿನ ಸಾಂದ್ರತೆ ಕಡಿಮೆ ಇರುವುದರಿಂದ ಕೆಳಗೆ ಜಾರಿದೆ ಎನ್ನುತ್ತಾರೆ. ಎರಡನೆಯವರ ಮಾತಿನಲ್ಲಿ ಹುರುಳಿದೆ. ಗಾಜಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.20 ಗ್ರಾಂ, ಕ್ವಾರ್ಟ್ಜ್‌ನದು 2.65. ಕ್ವಾರ್ಟ್ಜ್ ಬದಲು 2.33 ಗ್ರಾಂ ಸಾಂದ್ರತೆಯ ಕ್ರಿಸ್ಟೊಬಲೈಟ್ ಎಂಬ ಹರಳನ್ನು ಪಕ್ಕಕ್ಕಿಟ್ಟು ನೋಡಿದರೆ ಅದಕ್ಕೂ ಗಾಜಿನದೇ ಥರದ ಗುಡ್ಡ ಇದೆ! ಆದರೆ 1 ಕೆಲ್ವಿನ್‌ಗಿಂತ ಕೆಳಗಿನ ಗೋಳನ್ನು ಈ ವಾದ ಮುಟ್ಟುವುದಿಲ್ಲ. ನನ್ನ ಆಸಕ್ತಿ ಗುಡ್ಡದ ತುದಿಗಿಂತ ಅದರ ಬುಡದಲ್ಲಿದೆ. ಅಲೆಗಳಲ್ಲದೆ ಇನ್ನೇನು ಅಲ್ಲಾಡುತ್ತಿದೆ?

ಇದನ್ನು ಪ್ರಯೋಗದಲ್ಲಿ ನೇರವಾಗಿ ನೋಡುವುದು ಕಷ್ಟ, ಕಂಪ್ಯೂಟರಿನಲ್ಲಿ ನೋಡಬಹುದು. ಪೆಟ್ಟಿಗೆಯೊಂದರಲ್ಲಿ ಕೆಲವು ಸಾವಿರ ಕಣಗಳನ್ನು ಹಾಕಿ, ದ್ರವವಾಗಿ ಕುದಿಸಿ, ತಟ್ಟನೆ ತಣಿಸಿದರೆ ಗಾಜು. ಆಮೇಲೆ ಪ್ರತಿ ಕಣ ಪಕ್ಕದ ಕಣವನ್ನು ಎಷ್ಟು ಬಲದಿಂದ ಹಿಡಿದಿದೆ ಎಂಬ ದೊಡ್ಡ ಕೋಷ್ಟಕವನ್ನು ಬಿಡಿಸಿದರೆ ಎಲ್ಲ ಕಂಪನಗಳೂ ಹೊರಗೆ ಬರುತ್ತವೆ. 1991ರಲ್ಲೇ ಶೋಬರ್ ಮತ್ತು ಲೇರ್ಡ್ ಹೀಗೆ ನೋಡಿದಾಗ, ಇಡೀ ಪೆಟ್ಟಿಗೆಯನ್ನು ಹಾಯುವ ಅಲೆಗಳ ಜೊತೆಗೆ ಒಂದೇ ಜಾಗದಲ್ಲಿ ಬಲವಾಗಿ ಅಲ್ಲಾಡುವ ಕಂಪನಗಳೂ ಕಂಡಿದ್ದವು. ಒಂದು ಹಿಡಿಯಷ್ಟು ಕಣಗಳು ಜೋರಾಗಿ ಅಲ್ಲಾಡುತ್ತವೆ, ಸುತ್ತಲಿನವು ದೂರದ ವರ್ಗಕ್ಕೆ ವಿಲೋಮವಾಗಿ ಮೆಲ್ಲಗೆ.

ತೊಂದರೆ ಎಣಿಕೆಯಲ್ಲಿತ್ತು. ಪೆಟ್ಟಿಗೆ ದೊಡ್ಡದಾದಷ್ಟೂ ಅಲೆಗಳ ಸಂಖ್ಯೆ ಹೆಚ್ಚುತ್ತದೆ, ಈ ಜಾಗಗಳ ಕಂಪನ ಅವುಗಳೊಂದಿಗೆ ಬೆರೆತು ಗುಂಪಿನಲ್ಲಿ ಗೋವಿಂದ ಆಗಿಬಿಡುತ್ತದೆ. 2016ರಲ್ಲಿ ಎರಾನ್ ಲರ್ನರ್, ಗುಸ್ಟಾವೊ ಡ್ಯೂರಿಂಗ್, ಎರಾನ್ ಬೌಖ್‌ಬೈಂಡರ್ ಮಾಡಿದ್ದು ಸರಳ ಉಪಾಯ, ಆದರೆ ಎಲ್ಲರೂ ಹೋಗುತ್ತಿದ್ದುದರ ಉಲ್ಟಾ. ಅವರು ಪೆಟ್ಟಿಗೆಯನ್ನು ಚಿಕ್ಕದು ಮಾಡಿದರು. ಪೆಟ್ಟಿಗೆಯ ಉದ್ದಕ್ಕಿಂತ ಉದ್ದನೆಯ ಅಲೆ ಅದರೊಳಗೆ ಹಿಡಿಯುವುದಿಲ್ಲ. ಹಾಗಾಗಿ ಒಂದು ಆವೃತ್ತಿಯ ಕೆಳಗೆ ಅಲೆಗಳೇ ಇಲ್ಲದ ಕಿಟಕಿಯೊಂದು ತೆರೆಯುತ್ತದೆ. ಆ ಕಿಟಕಿಯಲ್ಲಿ ಏನು ಕಂಡರೂ ಅದು ಅಲ್ಲಾಡುವ ಜಾಗದ್ದೇ. ಒಂದು ಚಿಕ್ಕ ಪೆಟ್ಟಿಗೆಯಲ್ಲಿ ಸಿಗುವುದು ಒಂದೋ ಎರಡೋ, ಆದ್ದರಿಂದ ಲೆಕ್ಕವಿಲ್ಲದಷ್ಟು ಪೆಟ್ಟಿಗೆಗಳನ್ನು ಮಾಡಿ ಎಣಿಸಬೇಕು. ಎಣಿಸಿದಾಗ ಆವೃತ್ತಿಯ ನಾಲ್ಕನೇ ಘಾತದಂತೆ ಅವುಗಳ ಸಂಖ್ಯೆ ಏರುತ್ತಿತ್ತು. ಡಿಬೈಯ ಎರಡನೇ ಘಾತವಲ್ಲ, ನಾಲ್ಕನೆಯದು. ಮರುವರ್ಷ ಜಪಾನಿನ ಮಿಝುನೊ, ಶಿಬಾ, ಇಕೆಡ ತೀರಾ ದೊಡ್ಡ ಪೆಟ್ಟಿಗೆಯಲ್ಲಿ ಎರಡು ಬಗೆಯ ಕಂಪನಗಳನ್ನೂ ಬೇರ್ಪಡಿಸಿ ಅದೇ ಉತ್ತರಕ್ಕೆ ಬಂದರು.

ನಾಲ್ಕೇ ಯಾಕೆ? 1980ರ ದಶಕದಲ್ಲಿ ಸೋವಿಯತ್ ಒಕ್ಕೂಟದ ಕಾರ್ಪೊವ್, ಕ್ಲಿಂಗರ್ ಮುಂತಾದವರು ಇದಕ್ಕೆ ಬೇಕಾದ ತರ್ಕವನ್ನು ಕಟ್ಟಿಟ್ಟಿದ್ದರು. ಒಂದು ಜಾಗ ಎಷ್ಟು ಸಡಿಲ ಎಂಬುದನ್ನು ಅದರ ಬಿಗಿತದಿಂದ ಅಳೆಯೋಣ. ಬಿಗಿತ ಎಂದರೆ ಆವೃತ್ತಿಯ ವರ್ಗ. ಎಲ್ಲ ಬಿಗಿತಗಳೂ ಸಮಾನವಾಗಿ ಸಿಗುತ್ತಿದ್ದರೆ ಕಂಪನಗಳ ಸಂಖ್ಯೆ ಆವೃತ್ತಿಯ ಮೊದಲನೇ ಘಾತದಂತೆ ಏರಬೇಕಿತ್ತು. ಆದರೆ ಎರಡು ಸಲ ಜರಡಿ ಹಿಡಿಯಬೇಕು. ಶಕ್ತಿಯನ್ನು ಏರಿಳಿತದ ನೆಲದಂತೆ ಊಹಿಸಿಕೊಂಡರೆ, ಕಣಗಳು ಬಂದು ನಿಂತಿರುವುದು ಹಳ್ಳದ ತಳದಲ್ಲಿ, ಇಳಿಜಾರಿನಲ್ಲಲ್ಲ. ತಳವೇ ಆಗಿದ್ದು ತೀರಾ ಚಪ್ಪಟೆಯೂ ಆಗಿರುವ ಜಾಗ ಅಪರೂಪ. ಈ ಜರಡಿಯಿಂದ ಎರಡು ಘಾತ ಸೇರುತ್ತದೆ. ಇನ್ನೊಂದು, ಅಷ್ಟು ಚಪ್ಪಟೆ ತಳದ ಪಕ್ಕದಲ್ಲೇ ಇನ್ನೂ ಆಳದ ಹಳ್ಳ ಇದ್ದಿದ್ದರೆ ಗಾಜು ಯಾವಾಗಲೋ ಅಲ್ಲಿಗೆ ಉರುಳಿರುತ್ತಿತ್ತು. ಈ ಜರಡಿಯಿಂದ ಮತ್ತೊಂದು ಘಾತ. ಒಂದು, ಎರಡು, ಒಂದು: ಒಟ್ಟು ನಾಲ್ಕು. ಕಣಗಳು ಯಾವುವು, ಬಂಧ ಎಂಥದ್ದು ಎಂಬುದೊಂದೂ ಈ ತರ್ಕದಲ್ಲಿ ಬರಲಿಲ್ಲ ನೋಡಿ. ಒಂದೊಂದು ಗಾಜಿಗೆ ಒಂದೊಂದು ನಿಯಮ ಇಲ್ಲದಿರುವುದಕ್ಕೆ ಇದೇ ಕಾರಣ ಇರಬಹುದು.

ಹಾಗಂತ ನಾಲ್ಕನ್ನು ವೇದವಾಕ್ಯ ಮಾಡಿಕೊಳ್ಳಬೇಡಿ. ಪೆಟ್ಟಿಗೆಯ ಗಾತ್ರ, ತಣಿಸಿದ ವೇಗ, ಆಯಾಮ ಬದಲಿಸಿದರೆ ಮೂರೂವರೆ, ಮೂರು ಬಂದವರೂ ಇದ್ದಾರೆ. ಹೈದರಾಬಾದಿನ ಟಿಐಎಫ್‌ಆರ್‌ನಲ್ಲಿ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ಸ್ಮರಜಿತ್ ಕರ್ಮಾಕರ್, ಕಬೀರ್ ರಾಮೋಲಾ ಮತ್ತು ಸಂಗಡಿಗರು, ಪೆಟ್ಟಿಗೆಯೇ ಓರೆಯಾಗಲು ಅವಕಾಶ ಕೊಟ್ಟು ಒಳಗಿನ ಒತ್ತಡವನ್ನು ಸಡಿಲಿಸಿದರೆ ಐದನೇ ಘಾತ ಬರುತ್ತದೆ ಎಂದು ತೋರಿಸಿದರು. ಪೆಟ್ಟಿಗೆಯ ಗೋಡೆಗೂ ಗಾಜಿನ ಗುಣಕ್ಕೂ ಗೆರೆ ಎಲ್ಲಿ ಎಳೆಯುವುದು ಎಂಬ ಪ್ರಶ್ನೆಯನ್ನು ಇದು ಎತ್ತುತ್ತದೆ, ಅದು ನ್ಯಾಯವಾದ ಪ್ರಶ್ನೆ.

ಘಾತ ಏನೇ ಇರಲಿ, ಜಾಗಗಳ ಒಟ್ಟು ಸಂಖ್ಯೆ ಗಾಜನ್ನು ಹೇಗೆ ಮಾಡಿದಿರಿ ಎಂಬುದರ ಮೇಲೆ ನಿಂತಿದೆ. ಅವಸರದಲ್ಲಿ ತಣಿಸಿದರೆ ಹೆಚ್ಚು, ನಿಧಾನಕ್ಕೆ ತಣಿಸಿದರೆ ಕಡಿಮೆ. ಕಂಪ್ಯೂಟರಿನಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನಿಜವಾದ ಗಾಜಿನಲ್ಲಿ? ಮ್ಯಾಡ್ರಿಡ್‌ನ ಒಂದು ತಂಡ 2014ರಲ್ಲಿ ಎರಡು ಪ್ರಯೋಗಗಳನ್ನು ಪ್ರಕಟಿಸಿತು. ನನಗೆ ಈ ಇಡೀ ಕ್ಷೇತ್ರದಲ್ಲಿ ಅತ್ಯಂತ ಇಷ್ಟವಾದ ಜೋಡಿ ಇದು.

ಮೊದಲನೆಯದು ಸ್ಪೇನಿನ ಎಲ್ ಸೊಪ್ಲಾವೊದಲ್ಲಿ ಸಿಕ್ಕ ಅಂಬರ್, ಮರದ ರಾಳ ಗಟ್ಟಿಯಾಗಿ ಆದ ಗಾಜು. ವಯಸ್ಸು 11 ಕೋಟಿ ವರ್ಷ. ಡೈನೋಸಾರ್‌ಗಳ ಕಾಲದಿಂದ ನೆಲದಡಿ ಕೂತು ನಿಧಾನಕ್ಕೆ ಹದವಾಗುತ್ತ ಬಂದದ್ದು. ಯಾವ ಪ್ರಯೋಗಾಲಯವೂ ಇಷ್ಟು ತಾಳ್ಮೆಯಿಂದ ಗಾಜು ಮಾಡಲಾರದು. ಅದರ ವಿಶಿಷ್ಟೋಷ್ಣ ಅಳೆದರು. ಆಮೇಲೆ ಅದೇ ತುಂಡನ್ನು ಬಿಸಿ ಮಾಡಿ, ಅದರ ಮುಪ್ಪನ್ನೆಲ್ಲ ಅಳಿಸಿ, ಮತ್ತೆ ಅಳೆದರು. ಎರಡು ಮಟ್ಟದ ಜಾಗಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. 11 ಕೋಟಿ ವರ್ಷದ ತಪಸ್ಸು ಅವುಗಳ ಕೂದಲನ್ನೂ ಕೊಂಕಿಸಲಿಲ್ಲ.

ಎರಡನೆಯದು ಇಂಡೊಮೆಥಸಿನ್, ನೋವಿನ ಮಾತ್ರೆಯಲ್ಲಿ ಬಳಸುವ ಔಷಧ. ಅಮೆರಿಕದ ಮಾರ್ಕ್ ಎಡಿಗರ್ ಅವರ ತಂಡ 2007ರಲ್ಲಿ ಒಂದು ದಾರಿ ತೋರಿಸಿತ್ತು. ಇಂಥ ವಸ್ತುವನ್ನು ಆವಿ ಮಾಡಿ, ಹದವಾದ ಉಷ್ಣತೆಯ ತಟ್ಟೆಯ ಮೇಲೆ ನಿಧಾನವಾಗಿ ಕೂರಿಸಿದರೆ, ಪ್ರತಿ ಅಣುವಿಗೂ ಮೇಲ್ಮೈಯಲ್ಲಿ ಓಡಾಡಿ ಒಳ್ಳೆಯ ಜಾಗ ಹುಡುಕಿಕೊಳ್ಳಲು ಸಮಯ ಸಿಗುತ್ತದೆ. ಮೇಲೆ ಮುಂದಿನ ಪದರ ಕೂರುತ್ತದೆ. ಹೀಗೆ ಮಾಡಿದ ಗಾಜಿನಲ್ಲಿ ನೇರ ಅನುಪಾತದ ವಿಶಿಷ್ಟೋಷ್ಣ ಮಾಯ! ಎರಡು ಮಟ್ಟದ ಜಾಗಗಳ ಸುಳಿವೇ ಇಲ್ಲ.

ಎರಡೂ ಅತ್ಯಂತ ಸ್ಥಿರವಾದ ಗಾಜುಗಳು, ಫಲಿತಾಂಶ ಮಾತ್ರ ಪೂರ್ತಿ ಉಲ್ಟಾ. ಹಾಗಾದರೆ ಸ್ಥಿರತೆಯೊಂದೇ ಇದನ್ನು ತೀರ್ಮಾನಿಸುವುದಿಲ್ಲ. ಆವಿಯಿಂದ ಕೂರಿಸಿದ ಗಾಜಿನಲ್ಲಿ ಅಣುಗಳು ಪದರ ಪದರವಾಗಿ ನಿಲ್ಲುತ್ತವೆ, ಅದರಿಂದ ಜಾಗಗಳು ಒಂದರ ಜೊತೆ ಒಂದು ಮಾತಾಡಿಕೊಳ್ಳುವುದು ತಪ್ಪುತ್ತದೆ ಎಂಬುದು ಅವರ ವಿವರಣೆ. ಇರಬಹುದು. ನನಗಂತೂ ಅಂಬರ್ ತುಂಡಿನ ಹಟವೇ ಹೆಚ್ಚು ಕುತೂಹಲದ್ದು.

ಇದರಿಂದ ಯಾರಿಗೆ ಏನು ಪ್ರಯೋಜನ ಎಂದು ಕೇಳುವ ಮೊದಲೇ ಎರಡು ಮಾತು. ಸೂಪರ್‌ಕಂಡಕ್ಟಿಂಗ್ ಕ್ವಾಂಟಮ್ ಕಂಪ್ಯೂಟರುಗಳಲ್ಲಿ ಅಲ್ಯೂಮಿನಿಯಂ ಮೇಲೆ ಒಂದೆರಡು ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಇರುತ್ತದೆ. ಅದು ಹರಳಲ್ಲ, ಗಾಜಿನಂಥದ್ದು. ಅದರೊಳಗಿನ ಎರಡು ಮಟ್ಟದ ಜಾಗಗಳು ಕ್ಯೂಬಿಟ್‌ನ, ಅಂದರೆ ಆ ಕಂಪ್ಯೂಟರಿನ ಮಾಹಿತಿಯ ಮೂಲ ಘಟಕದ, ಶಕ್ತಿಯನ್ನು ಕದಿಯುತ್ತವೆ ಎಂದು 2005ರಲ್ಲಿ ಜಾನ್ ಮಾರ್ಟಿನಿಸ್ ಮತ್ತು ಸಂಗಡಿಗರು ತೋರಿಸಿದರು. ಆ ತಲೆನೋವು ಇವತ್ತಿಗೂ ಇದೆ. ಇನ್ನೊಂದು, ಗುರುತ್ವ ಅಲೆಗಳನ್ನು ಹಿಡಿಯುವ ಲೈಗೊ. ಅದರ 40 ಕಿಲೋ ತೂಕದ ಕನ್ನಡಿಗಳ ಮೇಲೆ ಸಿಲಿಕಾದ ತೆಳು ಪದರಗಳೂ, ಟೈಟಾನಿಯಾ (ಟೈಟಾನಿಯಂ ಆಕ್ಸೈಡ್) ಬೆರೆಸಿದ ಟ್ಯಾಂಟಲಮ್ ಆಕ್ಸೈಡಿನ ತೆಳು ಪದರಗಳೂ ಇವೆ. ಈ ಪದರಗಳಲ್ಲಿ ಅಲ್ಲಾಡುವ ಜಾಗಗಳು ಕೋಣೆಯ ಉಷ್ಣತೆಯಲ್ಲಿ ಟನೆಲಿಂಗ್ ಇಲ್ಲದೆ ಶಾಖದ ಬಲದಿಂದಲೇ ದಿಣ್ಣೆ ಹಾರುತ್ತವೆ, ಕನ್ನಡಿಯ ಮೈ ತುಸು ನಡುಗುತ್ತದೆ. 100 ಹರ್ಟ್ಜ್ ಆಸುಪಾಸಿನಲ್ಲಿ ಲೈಗೊದ ಕಿವಿಗೆ ಅಡ್ಡ ಬರುವುದು ಮುಖ್ಯವಾಗಿ ಇದೇ. ಮಹಾರಾಷ್ಟ್ರದ ಹಿಂಗೋಲಿಯಲ್ಲಿ ಬರಲಿರುವ ಲೈಗೊ-ಇಂಡಿಯಾಕ್ಕೂ ಈ ಪ್ರಶ್ನೆ ತಪ್ಪಿದ್ದಲ್ಲ. ಟ್ಯಾಂಟಲಮ್ ಬದಲು ಜರ್ಮೇನಿಯಾ-ಟೈಟಾನಿಯಾ ಮಿಶ್ರಣ ಬಳಸಿದರೆ ಈ ನಡುಕ ಕಡಿಮೆ ಎಂದು ಪ್ರಯೋಗಗಳು ಹೇಳುತ್ತಿವೆ.

ಉಪನ್ಯಾಸ ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ. ಬಿ.ಎಸ್ಸಿ. ಓದುತ್ತಿರುವ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ಇಷ್ಟೊತ್ತು ಎರಡು ಮಟ್ಟದ ಜಾಗ ಅಂದ್ರಿ, ಒಂದು ಗಾಜಲ್ಲಿ ಅಂಥವು ಎಷ್ಟಿರ್ತವೆ ಅಂತ ಹೇಳಲೇ ಇಲ್ಲ” ಎಂದಳು. ಹೇಳಬೇಕಾಗಿದ್ದದ್ದೇ. 1 ಕೆಲ್ವಿನ್ ಶಕ್ತಿಯೊಳಗೆ ಬರುವಂಥವು ಸಿಲಿಕಾದಲ್ಲಿ ಸುಮಾರು ಹತ್ತು ಲಕ್ಷ ಪರಮಾಣುಗಳಿಗೆ ಒಂದು, ಅಷ್ಟೇ. ಅಷ್ಟು ಕಡಿಮೆ ಇದ್ದರೂ ಆ ಉಷ್ಣತೆಯಲ್ಲಿ ಉಳಿದ ಪರಮಾಣುಗಳೆಲ್ಲ ಮಲಗಿರುವುದರಿಂದ ಕಾರುಬಾರೆಲ್ಲ ಇವುಗಳದ್ದೇ. ಕೆಲವು ಸಾವಿರ ಕಣಗಳ ಪೆಟ್ಟಿಗೆಯಲ್ಲಿ ಇಂಥ ಎರಡು ಮಟ್ಟದ ಜಾಗವನ್ನೇ ಹುಡುಕಿದರೆ ಒಂದೂ ಸಿಗದಿರುವ ಸಂಭವವೇ ಹೆಚ್ಚು. “ಹಾಗಾದ್ರೆ ಕಂಪ್ಯೂಟರಲ್ಲಿ ಯಾರೂ ನೋಡೇ ಇಲ್ವಾ?” ಎಂದು ಅವಳು ಬಿಡಲಿಲ್ಲ. ನೋಡಿದ್ದಾರೆ. 2020ರಲ್ಲಿ ಖೊಮೆಂಕೊ, ಸ್ಕಾಲಿಯೆ, ಬೆರ್ಥಿಯೆ, ರೀಕ್‌ಮನ್, ಝಾಂಪೊನಿ ಸೇರಿ, ಕಣಗಳನ್ನು ಅದಲುಬದಲು ಮಾಡಿ ಬೇಗ ಹದಗೊಳಿಸುವ ಹೊಸ ವಿಧಾನದಿಂದ ಗಾಜುಗಳನ್ನು ತಯಾರಿಸಿ, ಪಕ್ಕಪಕ್ಕದ ಹಳ್ಳಗಳ ಜೋಡಿಗಳನ್ನು ರಾಶಿಗಟ್ಟಲೆ ಜಾಲಾಡಿದರು. ಅವುಗಳಲ್ಲಿ ಟನೆಲಿಂಗ್‌ಗೆ ಒಗ್ಗುವವು ಬೆರಳೆಣಿಕೆಯಷ್ಟು. ಗಾಜು ಹದವಾದಷ್ಟೂ ಅವು ಇನ್ನೂ ಕಡಿಮೆಯಾದವು, ಇಂಡೊಮೆಥಸಿನ್‌ನಲ್ಲಿ ಕಂಡ ಹಾಗೆ. ಅಂಬರ್‌ನಲ್ಲಿ ಕಂಡ ಹಾಗಲ್ಲ.